ಮೂರನೆಯ ಬೈಟು

ಹೆಸರು ಕ್ಷೀರಸಾಗರ, ಒಳಗೆ ಮಜ್ಜಿಗೆಗೂ ಗತಿಯಿಲ್ಲ —
ಈ ಮಾತು ಪ್ಯಾರ್ನು ಬಂದರಿನಲ್ಲೂ ಸಲ್ಲುತ್ತದೆ.
ಬಾಲಕ್ಕೆ ಟಿಎಕ್ಸ್‌ಟಿ ಎಂದಿರುತ್ತದೆ, ಒಳಗೆ ಬಿಗಿದ ಮೂಟೆ.
ಬಾಲಕ್ಕೆ ಜಿಪ್ ಎಂದಿರುತ್ತದೆ, ಒಳಗೆ ಯಾರದೋ ಸೀಮೆಎಣ್ಣೆ ಲೆಕ್ಕ.
ಬಾಲವೇ ಇಲ್ಲದವು ಹನ್ನೊಂದು ಸಾವಿರ.

ಹಿಂದೆ ಮೀನಿನ ಶೀತಲಗೃಹವಾಗಿದ್ದ ಕಟ್ಟಡ, ಎರಡನೆಯ ಮಹಡಿ.
ಗೋಡೆ ಇನ್ನೂ ಹೆರಿಂಗ್ ನಾರುತ್ತದೆ.
ಮಧ್ಯಾಹ್ನ ಮೂರೂವರೆಗೇ ಕತ್ತಲು; ಕಿಟಕಿಯಾಚೆ ಕೊಲ್ಲಿ
ಅಂಚಿನಿಂದ ಕೆನೆಗಟ್ಟುತ್ತಿದೆ.
ಕೈರಿಯ ಮುಂದೆ ತುಕ್ಕುವಾಸನೆಯ ಮೂರು ಡಿಸ್ಕು,
ಮೂವತ್ತು ಚಳಿಗಾಲದ ಹಿಮದ ದಪ್ಪ ಅದರಲ್ಲಿದೆಯಂತೆ,
ಸೆಂಟಿಮೀಟರಿನಲ್ಲಿ, ದಿನಾಂಕ ಸಮೇತ,
ಯಾವುದರೊಳಗೆ ಯಾವುದೆಂದು ಯಾರಿಗೂ ಗೊತ್ತಿಲ್ಲ.

ಅವಳು ಬರೆಯಬೇಕಾದ್ದು ಇಷ್ಟೇ:
ಕಡತ ಒಳಗೆ ಬರುತ್ತದೆ,
ಗಂಟು ಹೌದೋ ಅಲ್ಲವೋ ಹೊರಗೆ ಹೋಗುತ್ತದೆ.

ಹೆಸರು ಕೇಳಬೇಡ, ಮೊದಲ ಬೈಟು ಮುಟ್ಟಿ ನೋಡು.
ಮೂವತ್ತೊಂದು, ನೂರ ಮೂವತ್ತೊಂಬತ್ತು: ಜಿಜಿಪ್.
ರಾರ್ ತನ್ನ ಹೆಸರನ್ನು ತಾನೇ ಕೂಗಿಕೊಂಡು ಬರುತ್ತದೆ,
ಕೊನೆಗೊಂದು ಆಶ್ಚರ್ಯಸೂಚಕ ಬೇರೆ.
ಟಾರ್ ನಾಚಿಕೆಯದು: ಇನ್ನೂರ ಐವತ್ತೇಳು ಬೈಟು ದಾಟಿದ ಮೇಲೆ
ಗುರುತು ಹೇಳುತ್ತದೆ; ಹಳೆಯದಾದರೆ ಅದೂ ಇಲ್ಲ.
ಜಿಪ್ಪಿಗೆ ಎಂಬತ್ತು, ಎಪ್ಪತ್ತೈದು.
ಅಕ್ಷರದಲ್ಲಿ ಪಿ, ಕೆ.
ಮೊದಲು ಹೊಲಿದವನು ಚೀಲದ ಬಾಯಿಗೆ
ತನ್ನ ಇನಿಷಿಯಲ್ ಹಾಕಿಟ್ಟಿದ್ದಾನೆ.

ಅನ್ನ ಬೆಂದಿದೆಯೆ ನೋಡಲು ಒಂದಗುಳು ಸಾಕು ಅನ್ನುತ್ತಾರೆ.
ಕೈರಿ ಎರಡು ಹಿಸುಕಿದಳು. ಎರಡೂ ಸರಿ ಅನ್ನಿಸಿತು.
ಓಡಲಿ ಎಂದು ಬಿಟ್ಟು ಕಾಫಿಗೆ ಹೋದಳು.

ಬಂದಾಗ ಪರದೆಯ ಮೇಲೆ ಕೆಂಪು ಸಾಲು ಒಂದೇ ಒಂದು:
ಗಂಟು ಹೌದು. ಬಿಚ್ಚಲಾಗುತ್ತಿಲ್ಲ. ಮುರಿದಿರಬಹುದು.
ಇನ್ನೂರ ಹದಿನಾಲ್ಕು ಬೈಟು.
ಸರಿಪಡಿಸುವ ಉಪಕರಣ ಮೂರು ಸಲ ಎಳೆದಾಡಿ
ಕೈಚೆಲ್ಲಿತ್ತು.
ಕೊನೆಗೆ ಸುಮ್ಮನೆ, ಬರೀ ಅಕ್ಷರವಾಗಿ ತೆರೆದಳು.

“ಪಿಕೆ, ಜೀಪಿನ ಕೀಲಿ ಒಲೆಯ ಹಿಂದೆ.
ಹದಿನಾಲ್ಕನೇ ಗುರುತಿನಾಚೆ ಹೋಗಬೇಡ, ಹಿಮ ತೆಳು,
ನಾಳೆ ಇಬ್ಬರೂ ಹೋಗೋಣ.
ನಿನ್ನೆ ನಾನಂದದ್ದು ತಮಾಷೆಗಲ್ಲ.
ಉತ್ತರ ಇದರ ಕೆಳಗೇ ಬರೆ.”
ಕೆಳಗೆ ಏನೂ ಇಲ್ಲ.

ಬಿಚ್ಚಲು ಏನಿತ್ತು? ಬಿಚ್ಚಿಯೇ ಇತ್ತು,
ಮೂವತ್ತು ವರ್ಷ, ಬೀಗವಿಲ್ಲದ ಬಾಗಿಲ ಹಾಗೆ.

ಪಕ್ಕದ ಮೇಜಿನ ಎಂದೆಲ್ — ಬರುವ ಜೂನಿಗೆ ನಿವೃತ್ತಿ —
ಕನ್ನಡಕ ಹಣೆಗೇರಿಸಿ ಬಾಗಿ ಓದಿದ.
ಪಿಲ್ಲೆ ಕಂಗುರ್, ಅಂದ. ಹಿಮ ಅಳೆಯುತ್ತಿದ್ದಳು.
ಆಮೇಲೆ ತುರ್ಕುವಿಗೆ ಹೋದಳು, ಅಲ್ಲೇ ಮದುವೆ.
ಬೈರಿಗೆಯನ್ನು ಅವಳಷ್ಟು ನೆಟ್ಟಗೆ ಯಾರೂ ಇಳಿಸುತ್ತಿರಲಿಲ್ಲ.
ಕಾಫಿ ಲೋಟ ಎತ್ತಿಕೊಂಡ, ಕುಡಿಯಲಿಲ್ಲ.
“ಹಾಗಾದರೆ ಇದು ಅವಳಿಗೆ ತಲುಪಲೇ ಇಲ್ಲ.”

ಕೈರಿ ಅವನತ್ತ ನೋಡಲಿಲ್ಲ, ಬೈಟುಗಳತ್ತ ನೋಡಿದಳು.
ಎಂಬತ್ತು, ಎಪ್ಪತ್ತೈದು, ನಲವತ್ತನಾಲ್ಕು.
ಗಂಟಾಗಿದ್ದರೆ ಮೂರನೆಯದು ಮೂರಿರಬೇಕಿತ್ತು, ನಾಲ್ಕನೆಯದು ನಾಲ್ಕು.
ಇಲ್ಲವೇ ಐದು, ಆರು — ಅದು ಏನನ್ನೂ ತುಂಬದೆ
ಕಟ್ಟಿಟ್ಟ ಗಂಟು; ಅಂಥವೂ ಏಳು ಸಿಕ್ಕಿವೆ.
ನಲವತ್ತನಾಲ್ಕು ಅಂದರೆ ಅಲ್ಪವಿರಾಮ.
ಯಾರನ್ನೋ ಕರೆದು, ಉಸಿರೆಳೆದುಕೊಳ್ಳುವಷ್ಟು ಹೊತ್ತು.

ಅಗುಳು ಎರಡು ಸಾಲದು, ನಾಲ್ಕು ಎಂದು ತಿದ್ದಿದಳು.
ಕೆಂಪು ಸಾಲು ಅಳಿಯಿತು. ಹಿಮದ ಲೆಕ್ಕಗಳು
ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದವು:
ಮೂವತ್ತೆಂಟು, ನಲವತ್ತೊಂದು, ಹತ್ತೊಂಬತ್ತು.

ಹೋಗುವ ಮುಂಚೆ ಆ ಚೀಟಿಯನ್ನು
ಪರೀಕ್ಷೆಯ ಕಡತಗಳ ಜೊತೆ ಸೇರಿಸಿದಳು.
ಬರಬೇಕಾದ ಉತ್ತರ: ಅಲ್ಲ.
ಪ್ರತಿ ರಾತ್ರಿ ಎರಡು ಗಂಟೆಗೆ ಯಂತ್ರ ತನ್ನನ್ನು ತಾನು
ಇದರಿಂದ ತಿಕ್ಕಿ ನೋಡಿಕೊಳ್ಳುತ್ತದೆ.

ಮೆಟ್ಟಿಲಲ್ಲಿ ಎಂದೆಲ್ ಕೇಳಿದ: ದಿನಾ ಓದುತ್ತದೆಯೆ?
ದಿನಾ, ಅಂದಳು. ಪೂರ್ತಿ ಅಲ್ಲ, ಮೊದಲ ನಾಲ್ಕು ಬೈಟು.
ಅವಳ ಹೆಸರಿನೆರಡು ಅಕ್ಷರ, ಒಂದು ಅಲ್ಪವಿರಾಮ,
ಆಮೇಲೊಂದು ಖಾಲಿ ಜಾಗ.