ಬೇಳೆ ಬೇಯುವ ನೀರು

ಚಳ್ಳಕೆರೆ ದಾಟಿ ಹದಿನಾರು ಕಿಲೋಮೀಟರು.
ಹೆಗಲ ಚೀಲದಲ್ಲಿ ಒಂಬತ್ತು ಖಾಲಿ ಬಾಟಲಿ,
ನೀರಿಗೆ ಅಳಿಸದ ಶಾಯಿಯ ಒಂದು ಪೆನ್ನು.
ತುಂಬುವ ಮೊದಲು ಅದೇ ನೀರಲ್ಲಿ ಮೂರು ಸಲ ತೊಳೆ,
ಕತ್ತಿನವರೆಗೆ ತುಂಬು, ಗಾಳಿ ಉಳಿಸಬೇಡ.
ಇಷ್ಟು ಕಲಿಯಲು ಇಲಾಖೆ ನನಗೆ ಎರಡು ದಿನ ಕೊಟ್ಟಿತ್ತು.

ಶಾಲೆಯ ಅಡುಗೆಮನೆ ಬಾಗಿಲಲ್ಲಿ
ಕವುಚಿ ಹಾಕಿದ ಡಬ್ಬದ ಮೇಲೆ ಕೂತು
ತೊಗರಿಬೇಳೆ ಆರಿಸುತ್ತಿದ್ದ ಸಣ್ಣಪಾಲಮ್ಮ
ತಲೆ ಎತ್ತದೆ ಅಂದಳು:
"ನೀರು ನೋಡಾಕೆ ಬಂದೀಯೇನವ್ವ?
ನನ್ನ ಕೇಳು. ಹತ್ತೊಂಬತ್ತು ವರ್ಸದಿಂದ ನೋಡ್ತಾನೇ ಇದೀನಿ."

ಮೂರು ಬೋರು ಈ ಊರಿಗೆ, ಮೂರಕ್ಕೂ ಅವಳಿಟ್ಟ ಹೆಸರು.
ಪಂಚಾಯ್ತಿ ಹಿಂದಿನದು ಸವಳವ್ವ.
ಅದರಲ್ಲಿ ಹಾಕಿದ ಬೇಳೆ ಊಟದ ಗಂಟೆ ಹೊಡೆದರೂ
ಕಾಳು ಕಾಳಾಗಿಯೇ ಕೂತು ದಿಟ್ಟಿಸುತ್ತದೆ.
ಈರುಳ್ಳಿ ಹೊಲದ ಬದುವಿನದು ಗೊಬ್ಬರದಪ್ಪ.
ಯೂರಿಯಾ ಎರಚಿ ಮಳೆ ಬಿದ್ದ ವಾರ
ಬಾಣಂತಿಯರು ಅದನ್ನು ಮುಟ್ಟುವುದಿಲ್ಲ;
ಯಾಕೆಂದು ಯಾರೂ ಹೇಳಿಕೊಟ್ಟಿದ್ದಲ್ಲ.
ಮೂರನೆಯದು ಪಾಪಯ್ಯನ ದಾಳಿಂಬೆ ತೋಟದ್ದು,
ಆರುನೂರ ಎಂಬತ್ತು ಅಡಿ:
ಬೆಣ್ಣೆ.

"ಮೂರು ಸೀಟಿ ಸಾಕು ಕಣವ್ವ, ಕರಗಿ ಹೋಗ್ತೈತೆ.
ಈ ಊರಾಗೆ ಯಾರ ಬೇಳೆ ಬೇಯಲಿ ಬಿಡಲಿ,
ನನ್ನ ಬೇಳೆ ಆ ನೀರಾಗೆ ಬೇಯ್ತೈತೆ."
ತನ್ನ ಮಾತಿಗೆ ತಾನೇ ನಕ್ಕಳು.

ಬೆಣ್ಣೆಯನ್ನು ನಳಿಕೆಯ ಗೆರೆಯವರೆಗೆ ಹಿಡಿದೆ.
ಹನಿ ಹನಿ ಔಷಧ. ಮೊದಲು ಕುಂಕುಮದ ನೀರು,
ನೋಡನೋಡುತ್ತ ಕುಂಕುಮ ಸೋತು ಅರಿಸಿನ.
"ಚೆಂದ ಐತಲ್ಲ!" ಕಿಟಕಿಗೆ ಅಂಟಿದ ಮಕ್ಕಳು ನಕ್ಕವು.
ಅವುಗಳ ಹಲ್ಲಿನಲ್ಲೂ ಅದೇ ಅರಿಸಿನ, ಕೆಲವದರಲ್ಲಿ ಕಂದು.
ಬಣ್ಣದ ಪಟ್ಟಿ ಹೇಳಿತು: ಮೂರೂವರೆ.
ಒಂದೂವರೆ ದಾಟಬಾರದಿತ್ತು.

ಹೇಗೆ ಹೇಳುವುದು?
ಸುಣ್ಣ ಕಡಿಮೆಯಾದ ನೀರು ಮೆತ್ತಗಿರುತ್ತದೆ ಪಾಲಮ್ಮ,
ಸೋಡದ ಗುಣ ಇರುವುದಕ್ಕೇ ಬೇಳೆ ಬೇಗ ಒಡೆಯುತ್ತದೆ.
ಸುಣ್ಣ ತಡೆಯದ ಕಡೆಯೇ
ಕಲ್ಲೊಳಗಿನ ಫ್ಲೋರೈಡು ಸಲೀಸಾಗಿ ಇಳಿದು ಬರುತ್ತದೆ,
ಬಂದು, ಸುಣ್ಣ ಎಲ್ಲಿದೆ ಎಂದು ಹುಡುಕುತ್ತದೆ.
ಸುಣ್ಣ ಇರುವುದು ನಿನ್ನ ಮೂಳೆಯಲ್ಲಿ.

ಹೀಗೇ ಹೇಳಿದೆನೋ, ಇಲಾಖೆಯ ಭಾಷೆಯಲ್ಲಿ ಗೊಣಗಿದೆನೋ.
ಅವಳು ಮೊರ ಪಕ್ಕಕ್ಕಿಟ್ಟು ನನ್ನತ್ತ ತಿರುಗಿದಳು.
ಕತ್ತಲ್ಲ, ಇಡೀ ಮೈ,
ಬೀಸುವ ಕಲ್ಲು ತಿರುಗಿದ ಹಾಗೆ.
ತಲೆ ಎತ್ತದೆ ಮಾತಾಡಿದ್ದು ಬಿಗುಮಾನವಲ್ಲ ಎಂದು
ಆಗ ತಿಳಿಯಿತು.

ಅಷ್ಟರಲ್ಲಿ ಬೈಕು ನಿಲ್ಲಿಸಿ ಪಾಪಯ್ಯ:
"ಕುಡಿಯಾದು ಬಿಡ್ರಿ ಮೇಡಂ, ಗಿಡಕ್ಕೆ ಹೆಂಗೈತೆ?
ಡ್ರಿಪ್ಪಿನ ಬಾಯಿಗೆಲ್ಲ ಬಿಳಿ ಹುಡಿ.
ಮಳೆ ಬಂದರೂ ನೆಲ ಕುಡಿಯಂಗಿಲ್ಲ,
ಮೇಲೇ ನಿಂತು ಆರಿ ಹೋಗ್ತೈತೆ."
"ನೆಲಕ್ಕೂ ಕತ್ತು ಬಿಗಿದೈತೆ ಅನ್ನು," ಎಂದಳು ಪಾಲಮ್ಮ.

ಜಿಪ್ಸಂ ಹಾಕಿ, ಎಂದೆ.
ಮಣ್ಣು ಪರೀಕ್ಷೆಗೆ ಕೊಡಿ, ಎಕರೆಗೆ ಎಷ್ಟು ಚೀಲ ಅಂತ ಬರೆದುಕೊಡುತ್ತಾರೆ.
ಪಾಪಯ್ಯ ತಲೆಯಾಡಿಸಿ ಹೋದ.
ಪಾಲಮ್ಮ ಇನ್ನೂ ನನ್ನನ್ನೇ ನೋಡುತ್ತಿದ್ದಳು,
ತನ್ನ ಪಾಲಿನ ಚೀಲಕ್ಕೆ ಕಾಯುವವಳ ಹಾಗೆ.

ನನ್ನ ಬಳಿ ಇದ್ದದ್ದು ಒಂದು ಚೀಟಿ.
ಜಲಮೂಲದ ಹೆಸರು ಎಂಬಲ್ಲಿ
ಕೊಳವೆಬಾವಿ ಸಂಖ್ಯೆ ಮೂರು ಎಂದು ಬರೆದು,
ಆವರಣದೊಳಗೆ ಸಣ್ಣಗೆ ಬೆಣ್ಣೆ ಎಂದು ಸೇರಿಸಿದೆ.

"ಆಯ್ತು ಬಿಡು," ಡಬ್ಬ ಹಿಡಿದು ಎದ್ದಳು,
ಒಂದು ಮೊಣಕಾಲು ಮೊದಲು, ಇನ್ನೊಂದು ಆಮೇಲೆ.
"ನಾಳೆಯಿಂದ ರಾತ್ರೀನೇ ಬೇಳೆ ನೆನೆ ಹಾಕ್ತೀನಿ.
ಸವಳವ್ವನ ಕಾಲಿಗೇ ಬೀಳ್ತೀನಿ.
ಎರಡು ಕಟ್ಟಿಗೆ ಜಾಸ್ತಿ ಉರೀತಾವೆ, ಉರೀಲಿ."
ಬಾಗಿಲಲ್ಲಿ ನಿಂತಳು.
"ಅದೂ ಅರಿಸಿನ ಆದ್ರೆ?"

ಸವಳವ್ವನ ಬಾಟಲಿ ಚೀಲದಲ್ಲೇ ಇತ್ತು.
ಹೊರಗೆ ತೆಗೆದೆ.
ನಳಿಕೆಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದೆ.
ಮಕ್ಕಳು ಮತ್ತೆ ಕಿಟಕಿಗೆ ಬಂದವು.