ಬಿಟ್ಟ ಸ್ಥಳ ತುಂಬಿರಿ

ಏಪ್ರಿಲ್ ಹತ್ತಕ್ಕ ಗಂಟಿ ಉದ್ದಕ ಹೊಡೀತು.
ಹುಡುಗೂರು ಓಡಿದ್ರು, ಒಬ್ಬಾಂವ ಚಪ್ಪಲಿ ಬಿಟ್ಟೇ ಓಡಿದಾ.
ಸ್ಟಾಫ್ ರೂಮಿನ್ಯಾಗ ಹೆಡ್‌ಮಾಸ್ತರು ಪೇಡೆ ಹಂಚಿದ್ರು.
ಕಬ್ಬೂರ ಸರ್ ಊಟಿಗಂತ,
ಇಂದುಮತಿ ಟೀಚರ್‌ಗೆ ಮಗಳ ಬಾಣಂತನಂತ.
"ನೀವೆಲ್ಲಿಗ್ರೀ ಮೇಡಂ?" ಅಂದ್ರು.
ಪೇಡೆ ಬಾಯಾಗಿತ್ತು, ಪುಣ್ಯಾ.

ಹಾಜರಿ ಪುಸ್ತಕದಾಗ ಎಲ್ಲಾರ ಕೆಳಗ
ಪೆನ್ಸಿಲ್ ಗೆರಿ ಎಳದು, ಅದರ ಕೆಳಗ ನಾನು:
ದಾಕ್ಷಾಯಿಣಿ ಬಾರ್ಕಿ, ಅತಿಥಿ.
ನಮ್ಮವ್ವ ಅಂತಾಳ, ಬೀಗರು ಎಂಟು ದಿನಾ ನಿಂತ್ರ
ಅವರ ಕೈಗೂ ಕಸಬರಿಗಿ ಬರ್ತದ.
ನಾ ನಿಂತದ್ದು ಎಂಟು ವರ್ಷ.
ಕಸಬರಿಗಿ, ತತ್ತಿ ಲೆಕ್ಕ, ಹತ್ತನೇತ್ತೆಯ ಸಂಜಿ ಕ್ಲಾಸು
ಎಲ್ಲಾ ಬಂದಾವು.

ಏಪ್ರಿಲ್ ಹನ್ನೊಂದರಿಂದ ಮೇ ಮೂವತ್ತೊಂದು,
ಐವತ್ತೊಂದು ಖಾನೆ.
ಖಾಯಂ ಮಂದಿಗೆ ಅದರಾಗ ರಜಾ ಅಂತ ಬರೀತಾರ.
ನನಗ ಏನೂ ಬರಿಯೂದಿಲ್ಲ.
ಬರೀಲಿಲ್ಲ ಅಂದ್ರ ಆ ದಿನಾ ಇಲ್ಲ.
ಇಲ್ಲದ ದಿನಕ್ಕೂ ಹಾಲಿನಾಂವ ಬರ್ತಾನ,
ಇಲ್ಲದ ದಿನದಾಗೂ ಗ್ಯಾಸ್ ತೀರ್ತದ,
ಮಗಾ ಅಂತೂ ದಿನಾ ಮೂರು ಹೊತ್ತು ಹಾಜರ.

ಬ್ಯಾಡಗಿ ಅಂಗಳದಾಗ ಮುಂಜಾನಿ ಏಳಕ್ಕ
ಕಣ್ಣತನಕ ಸೆರಗು ಸುತ್ತಿ ಕುಂತೆ.
ಘಾಟಿಗೆ ಅಂತ ತಿಳಕೊಂಡ್ರು ಮಂದಿ, ಛಲೋ ಆತು.
ಮುಂದ ಕೆಂಪನ್ನ ಗುಡ್ಡ,
ಸುತ್ತ ನಲವತ್ತು ಹೆಂಗಸರ ಕೆಮ್ಮು.
ಇಲ್ಲಿ ತೊಟ್ಟಿಗೆ ತುಂಬು ಅಂತಾರ.
ತುಂಬು ಬಿಡಿಸೂದು, ಚೀಲಾ ತುಂಬೂದು,
ಬಿಡಿಸೂದು, ತುಂಬೂದು.
ಹಲಗಿ ಮ್ಯಾಲೆ ಬರದೂ ಬರದೂ ಸವೆಸಿದ ಸಾಲು
ಬಿಟ್ಟ ಸ್ಥಳ ತುಂಬಿರಿ
ತಾನ ನಾಲಿಗಿಗೆ ಬಂದು ಕುಂತಿತು, ಖಾರಾಗಿ.

"ಹಂಗಲ್ರೀ ಟೀಚರ್," ಅಂತು ಬಾಜೂ ಒಂದು ದನಿ,
"ಹೆಬ್ಬಟ್ಟಿನ ಉಗುರು ಇಲ್ಲಿಡ್ರಿ. ತಿರುವಿ ಮುರೀರಿ.
ಜಗ್ಗಬ್ಯಾಡ್ರಿ, ಬೀಜಾ ಉದರ್ತಾವು."
ಹೆಂಗ ಗುರುತು ಹಿಡಿದಿ, ಅಂದೆ.
"ಸೀನಿದ್ರಲ್ಲ ಮೂರು ಸಲ,
ಸುಣ್ಣದಕಡ್ಡಿ ಪುಡಿಗೂ ಹಂಗ ಸೀನ್ತೀರಿ."
ಮಿಸ್ಬಾ ನದಾಫ, ಎಂಟನೇತ್ತೆ ಬಿ.
ಕಾಲ ಮತ್ತು ಕೆಲಸ ಪಾಠದಾಗ ಇಪ್ಪತ್ತಕ್ಕ ನಾಲ್ಕು.
ನಾ ಒಂದು ಕಿಲೋ ಮುಗಿಸೂದರಾಗ ಮೂರು ಮುಗಿಸಿದ್ಲು.
ಇಬ್ಬರೂ ಕೂಡಿ ಮಾಡಿದರೆ
ಆ ಕೆಲಸ ಎಷ್ಟು ದಿನಗಳಲ್ಲಿ ಮುಗಿಯುವುದು?
ಮುಗಿಯೂದಿಲ್ಲ.
ಮರುದಿನ ಮತ್ತ ಅಷ್ಟ ಗುಡ್ಡ.

ಸಂಜೀಕ ತಕ್ಕಡಿ ಹದಿನೆಂಟು ಅಂತು,
ಗುಮಾಸ್ತ ಹದಿನಾರೂವರಿ ಅಂತ ಬರದ.
ನಾ ಬಾಯಿ ತಗಿಯೂದ್ರಾಗ ಹುಡುಗಿ ಸೆರಗು ಜಗ್ಗಿದ್ಲು:
"ಮಾತಾಡಬ್ಯಾಡ್ರಿ, ನಾಳಿ ಕರಿಯಂಗಿಲ್ಲ."
ಯಾರು ಕಲಿಸಿದ್ರು ಇದನ್ನ ಇಕಿಗೆ?
ಬಿಇಒ ಆಫೀಸಿನ ವರಾಂಡಾದಾಗ ಸಾಲಾಗಿ ನಿಂತು
ನಾವು ಅತಿಥಿಗಳು ಒಬ್ಬರಿಗೊಬ್ಬರು ಪಿಸುಗುಟ್ಟೂ ಮಾತು,
ಅಕ್ಷರಾ ತಪ್ಪಿಲ್ಲ.

ಮನಿಗೆ ಬಂದು ಕೈಗೆ ಒಳ್ಳೆಣ್ಣಿ,
ಮ್ಯಾಲೆ ಕಡ್ಲಿಹಿಟ್ಟು, ಅದರ ಮ್ಯಾಲೆ ಮಜ್ಜಿಗಿ.
ಉರಿ ಇದ್ದಲ್ಲೇ.
ಮಗಾ ಓಡಿ ಬಂದಾ, ಕಣ್ಣಾಗ ಕಸಾ ಬಿದ್ದದ, ಅವ್ವಾ.
ಎರಡೂ ಕೈ ಬೆನ್ನ ಹಿಂದ ಹಿಡಕೊಂಡು
ಬರೇ ಊದಿದೆ.
ಮತ್ತ ಊದಿದೆ.

ಜೂನ್ ಒಂದಕ್ಕ ಹೊಸಾ ಅರ್ಜಿ.
"ಆದೇಶ ಬರೂತನಕ ಕ್ಲಾಸ್ ನಡಸ್ರಿ," ಅಂದ್ರು ಹೆಡ್‌ಮಾಸ್ತರು.
ಕಬ್ಬೂರ ಸರ್ ಊಟಿ ಚಾಕಲೇಟು ಕೊಟ್ರು, ಕರಗಿತ್ತು.
ಒಂಬತ್ತನೇತ್ತೆ. ಸುಣ್ಣದಕಡ್ಡಿ ಹಿಡಿದೆ, ಸೀನಿದೆ.
ಮೂರನೇ ಬೆಂಚಿನ್ಯಾಗ ಯಾರೋ ಕಿಸಕ್ ಅಂದ್ರು,
ನಾ ತಿರುಗಲಿಲ್ಲ.
ಆಮ್ಯಾಲೆ ಹಾಜರಿ ಕೂಗಿದೆ, ನಲವತ್ತಾರು ಹೆಸರು.
ಎಸ್ ಟೀಚರ್, ಎಸ್ ಟೀಚರ್, ಎಸ್ ಟೀಚರ್.
ಆಫೀಸಿನ ಪುಸ್ತಕದಾಗ ಪೆನ್ಸಿಲ್ ಗೆರಿ ಎಳದಿದ್ರು.
ಕೆಳಗ ಇನ್ನೂ ಯಾರೂ ಇರಲಿಲ್ಲ.