ಬಾವಿ ಪಡುವಲಕ್ಕೆ

"ಯಾವೂರ್ರೀ ನಿಮ್ದು?"
ಯಂತ್ರದ ತೊಟ್ಟಿಲಿಗೆ ಗದ್ದ ಇಟ್ಟು, ಪಟ್ಟಿಗೆ ಹಣೆ ಒತ್ತಿ
ಒಂದು ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.
ಜೇವರ್ಗಿಯವರು, ಆಳಂದದವರು, ಎರಡು ಓಣಿ ಆಚೆಯವರು ಕೂಡ.
ಎದುರಿನ ಗೋಡೆಗೆ ಕನ್ನಡ, ಉರ್ದು, ಮರಾಠಿ, ಇಂಗ್ಲಿಷು,
ಓದು ಬಾರದವರಿಗೆ ನಾಲ್ಕು ದಿಕ್ಕಿಗೂ ಹೊರಳಿದ ಒಂದೇ ಅಕ್ಷರ.
"ಇದೇ ಊರು" ಅಂದರೆ
"ಹಂಗ ಅನಸಂಗಿಲ್ಲ ಬಿಡ್ರಿ" ಅನ್ನುತ್ತಾರೆ.
ಸುಳ್ಳು ಹೇಳಿ ಸಿಕ್ಕವಳ ಹಾಗೆ
ಮಸೂರ ಬದಲಿಸುತ್ತೇನೆ.

ಹುಟ್ಟಿದ್ದು ಇಲ್ಲೇ, ಶಹಾಬಜಾರದಲ್ಲಿ.
ಎಂಎಸ್‌ಕೆ ಮಿಲ್ಲಿನ ಭೋಂಗಾ ಕೂಗಿದಾಗ
ಅಜ್ಜ ಎದ್ದ, ಉಂಡ, ಮಲಗಿದ.
ಮಿಲ್ಲು ಮುಚ್ಚಿದ ಮೇಲೂ ಅದೇ ಹೊತ್ತಿಗೆ ಎದ್ದ.
ಅವನು ಈ ಊರಿನವನು,
ಇಲ್ಲದ ಸದ್ದಿಗೂ ಅವನಿಗೆ ಎಚ್ಚರಾಗುತ್ತಿತ್ತು.
ನನಗೆ ಇದ್ದ ಸದ್ದೂ ಗಳಿಗೆ ತಡವಾಗಿಯೇ ಕೇಳಿಸುತ್ತದೆ.
ಎಲ್ಲರೂ ನಕ್ಕು ಮುಗಿಸಿದ ಮೇಲೆ ನನ್ನ ನಗು.
ಮದುವೆಯಲ್ಲಿ ಅಕ್ಕಿಕಾಳು ಬಿದ್ದಾದ ಮೇಲೆ
ಮುಷ್ಟಿಯಲ್ಲಿ ಬೆವರಿಗೆ ಅಂಟಿದ ನಾಲ್ಕು ಕಾಳು.

ಎಳ್ಳಮಾಸಿಗೆ ಸೋದರಮಾವನ ಹೊಲಕ್ಕೆ ಹೋಗುತ್ತಿದ್ದೆವು.
ಬಿಳಿಜೋಳದ ಸಾಲಿನೊಳಗೆ ಚರಗ ಚೆಲ್ಲುತ್ತ
ಮಾವ "ಹುಲ್ಲುಲ್ಲಿಗೋ" ಅಂದರೆ
ಹಿಂದಿದ್ದವರೆಲ್ಲ "ಚಲಾಂಬ್ರಿಗೋ".
ನನ್ನ ಬಾಯಿ ತೆರೆಯಿತು. ದನಿ ಬರಲಿಲ್ಲ.
ನಾಚಿಕೆಯಲ್ಲ,
ಗುಡಿಯ ಹೊರಗೆ ಯಾರದೋ ಚಪ್ಪಲಿ ಮೆಟ್ಟಿದಂತೆ.
ಮಾವ ತಿರುಗಿ ನೋಡಿ ಅವ್ವನನ್ನು ಕೇಳಿದ,
"ಯಾರ ಮನಿ ಕೂಸದ ತಂಗಿ ಇದು?"
ಎಲ್ಲರೂ ನಕ್ಕರು.
ಬಜ್ಜಿ ಬಡಿಸಿದರು, ಸಜ್ಜೆ ಕಡಬು ಎರಡು ಹೆಚ್ಚೇ ಹಾಕಿದರು,
ಬೀಗರಿಗೆ ಹಾಕುವ ಹಾಗೆ.

ಬೇರೆ ಊರು ನೋಡಿಲ್ಲವೆಂದಲ್ಲ.
ಮೈಸೂರಿನಲ್ಲಿ ಎರಡು ವರ್ಷ ತರಬೇತಿ.
ಅಲ್ಲಿ ಬಾಯಿ ತೆರೆದರೆ ಸಾಕು, "ಗುಲ್ಬರ್ಗಾದವರಾ?"
ಎಷ್ಟು ಖಾತ್ರಿ ಅವರಿಗೆ!

ಒಂದು ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋಗಿ ಫ್ಯಾನು ನಿಂತು
ನಾಲಿಗೆ ಒಣಗಿದಾಗ, ಕೇಳಿದವರಿಗೆ ಅಂದುಬಿಟ್ಟೆ:
"ಕರಜವಾಡ."
"ಹೌದಾ" ಅಂದರು. ಒಪ್ಪಿಯೇಬಿಟ್ಟರು.
ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.
ಅಂದಿನಿಂದ ಎಲ್ಲರಿಗೂ ಕರಜವಾಡ.
ಎಲ್ಲಿ ಬರ್ತದ? ಭೀಮಾ ದಾಟಿ, ಒಳಗೆ.
ಬಸ್ಸು? ದಿನಕ್ಕೊಂದು, ಮುಂಜಾನೆ.
ಒಬ್ಬರಿಗೆ ಬೇವಿನ ಕಟ್ಟೆ ಹೇಳಿದೆ, ಇನ್ನೊಬ್ಬರಿಗೆ ಶಾಲೆಯ ಹಂಚು,
ಮೂಡಲಕ್ಕೆ ಮೆಟ್ಟಿಲ ಬಾವಿ.
ಅಲ್ಲಿ ಯಾರೂ ಯಾರನ್ನೂ ಯಾವೂರೆಂದು ಕೇಳುವುದಿಲ್ಲ;
ಇದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಬಂಡೆಮ್ಮ ಬಂದದ್ದು ಗೊಬ್ಬೂರಿನಿಂದ, ಮೊಮ್ಮಗನ ಹೆಗಲು ಹಿಡಿದು.
ಎರಡೂ ಕಣ್ಣಿಗೆ ಪೊರೆ, ಹಾಲು ಹುಯ್ದ ಹಾಗೆ.
ಎಲ್ಲಕ್ಕಿಂತ ದೊಡ್ಡ ಅಕ್ಷರ ತೋರಿಸಿದೆ.
"ಏನೂ ಇಲ್ಲಬೇ, ಬರೇ ಹೊಗಿ."
ಆಮೇಲೆ ಅದೇ ಪ್ರಶ್ನೆ. ಅದೇ ಉತ್ತರ.
ಆಕೆಯ ಕೈ ನನ್ನ ಮಣಿಕಟ್ಟು ಹುಡುಕಿ ಹಿಡಿಯಿತು.
"ಕರಜವಾಡೇನ! ನಮ್ಮವ್ವನ ತವರಮನಿ ಅಲ್ಲೇ."
ಎದೆ ಧಸಕ್ಕೆಂದಿತು.
ಏನಾದರೂ ಅನ್ನಬೇಕಲ್ಲ, ಬಾವಿಯ ಮಾತು ತೆಗೆದೆ.
"ಮೂಡಲಕಲ್ಲಬೇ, ಪಡುವಲಕ.
ಹನ್ನೆರಡು ಮೆಟ್ಲ, ಏಳನೇದು ಮುರದದ.
ಅಲ್ಲೇ ಕುಂತು ನಾ ಅಳತಿದ್ದೆ,
ಯಾಕಂತ ಯಾರೂ ಕೇಳತಿದ್ದಿಲ್ಲ."

ಮೊಮ್ಮಗ ಆಕೆಯ ಬೆನ್ನ ಹಿಂದೆ
ಕಣತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದ:
ಮುದುಕಿಗೆ ಅರಳುಮರಳು, ಲಕ್ಷ್ಯ ಕೊಡಬ್ಯಾಡ್ರಿ.
ನಾನು ಹೂಂ ಅನ್ನಲಿಲ್ಲ.
ಚೀಟಿಯ ಮೇಲೆ ಬರೆದೆ: ಬಲಗಣ್ಣು ಮೊದಲು, ಸೋಮವಾರ.

ಆಕೆ ಮತ್ತೆ ಬರಲಿಲ್ಲ. ಆ ಸೋಮವಾರವೂ, ಅದರ ಮುಂದಿನದೂ.
ಈಗ ಯಾರು ಕೇಳಿದರೂ
ಬಾವಿ ಪಡುವಲಕ್ಕೆ ಅಂತಲೇ ಹೇಳುತ್ತೇನೆ.
ಏಳನೇ ಮೆಟ್ಟಿಲು ಹುಷಾರು ಅಂತಲೂ.